ಶನಿವಾರದ ತಪ್ಪು

“ಈ ವಾರ ನನಗ ಏನ್ ತಪ್ಪ ಕೊಡ್ತೀ?” ಎಂದು ಕೇಳಿದ ಬೊಂಗಿಲ್. ಅವನ ಎರಡು ಕೈಯಲ್ಲೂ ಒಂದೊಂದು ಎಲೆಕೋಸು. ಅವಳಿ ಕೂಸುಗಳನ್ನು ತೂಗುವಂತೆ ತೂಗಿ ನೋಡುತ್ತಿದ್ದ.

ಮುನ್ಸಿಕ್ ರಾಶಿಯಿಂದ ತಲೆ ಎತ್ತಲಿಲ್ಲ. “ಗೊರಕೆ ಇರಲಿ.”

“ಗೊರಕಿ ಹ್ವಾದ ತಿಂಗಳ ಆತಲ್ಲೋ.”

“ಹಾಗಾದ್ರೆ ಲೇಟಾಗಿ ಬರೋದು.”

“ಅದನ್ನ ನಾ ನಿನಗ ಕೊಟ್ಟೀನಿ. ಕೊಟ್ಟ ತಪ್ಪ ಹೊಳ್ಳಿ ಇಸ್ಕೊಳ್ಳಾಕ ಬರ್ತದೇನು? ಹೊಸಾದು ನೋಡು. ಪ್ಯೋಂಗ್ಯಾಂಗಿನಿಂದ ಆ ಪಾಂಗ್ ಸಾಹೇಬ ಬಂದು ಕುಂತಾನ. ಹಳಸಿದ್ದು ಬಡಿಸಿದ್ರ ಮೂಗಿಗೆ ಹತ್ತತದ.”

ಎಲೆಕೋಸು ಮಾರುವ ಹೆಂಗಸು ಇವರಿಬ್ಬರನ್ನೂ ನೋಡಿ ನಕ್ಕಳು. ಆಫ್ರಿಕಾದ ಕಡಲಂಚಿನ ಈ ಬಿಸಿಲೂರಿನಲ್ಲಿ ಎಲೆಕೋಸು ಮುಷ್ಟಿಗಿಂತ ದೊಡ್ಡದಾಗುವುದಿಲ್ಲ. ಆದರೂ ಪ್ರತಿ ವರ್ಷ ಈ ತಿಂಗಳು ಕೋಟು ತೊಟ್ಟು, ಎದೆಯ ಮೇಲೆ ತಮ್ಮ ನಾಯಕರ ಮುಖದ ಬಿಲ್ಲೆ ಚುಚ್ಚಿಕೊಂಡ ಇಬ್ಬರು ಬಂದು ಅದನ್ನು ಮೂಟೆಗಟ್ಟಲೆ ಕೊಂಡೊಯ್ಯುವುದು ಅವಳಿಗೆ ರೂಢಿಯಾಗಿತ್ತು. ಒಬ್ಬನೇ ಬಂದದ್ದನ್ನು ಅವಳು ಕಂಡಿರಲಿಲ್ಲ. ಒಬ್ಬನೇ ಬರುವಂತಿರಲಿಲ್ಲ, ಉತ್ತರ ಕೊರಿಯಾದ ರಾಯಭಾರ ಕಚೇರಿಯ ಗೇಟು ದಾಟುವಾಗ ಜೋಡಿಯಾಗಿಯೇ ದಾಟಬೇಕೆಂಬ ನಿಯಮ. ಒಬ್ಬನ ಮೇಲೆ ಇನ್ನೊಬ್ಬನ ಕಣ್ಣು. ಮುನ್ಸಿಕ್‌ಗೂ ಬೊಂಗಿಲ್‌ಗೂ ಆ ನಿಯಮವೇ ವರವಾಗಿತ್ತು. ಈ ಸಂತೆಯ ಗದ್ದಲದಲ್ಲಿ ಬಿಟ್ಟರೆ ಬೇರೆಲ್ಲೂ ಅವರು ಬಾಯಿ ಬಿಟ್ಟು ಮಾತಾಡುತ್ತಿರಲಿಲ್ಲ.

ಶನಿವಾರ ಬೆಳಿಗ್ಗೆ ಕಚೇರಿಯಲ್ಲಿ ವಿಮರ್ಶೆಯ ಸಭೆ. ರಾಯಭಾರಿಯಿಂದ ಹಿಡಿದು ಅಡುಗೆಯವನ ತನಕ ಪ್ರತಿಯೊಬ್ಬರೂ ಎದ್ದು ನಿಂತು ಆ ವಾರ ತಾನು ಮಾಡಿದ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಆಮೇಲೆ ಅಲ್ಲೇ ಕೂತಿರುವ ಇನ್ನೊಬ್ಬರ ಒಂದು ತಪ್ಪನ್ನು ಎತ್ತಿ ತೋರಿಸಬೇಕು. ತನ್ನ ತಪ್ಪನ್ನು ಹೇಗೋ ಹೊಂದಿಸಿಕೊಳ್ಳಬಹುದು. ಇನ್ನೊಬ್ಬರದೇ ಕಷ್ಟ. ತೀರ ಚಿಕ್ಕದಾದರೆ ‘ನಿನಗೆ ಕಣ್ಣಿಲ್ಲವೆ?’ ಅನ್ನುತ್ತಾರೆ. ಕೊಂಚ ದೊಡ್ಡದಾದರೆ ಆ ಮನುಷ್ಯ ಮುಂದಿನ ವಿಮಾನ ಹತ್ತುತ್ತಾನೆ, ಆಮೇಲೆ ಅವನ ಹೆಸರನ್ನು ಯಾರೂ ಎತ್ತುವುದಿಲ್ಲ. ಅದಕ್ಕೇ ಬುದ್ಧಿ ಇದ್ದವರೆಲ್ಲ ಮೊದಲೇ ಜೋಡಿ ಕಟ್ಟಿಕೊಂಡು ಒಪ್ಪಂದ ಮಾಡಿಕೊಂಡಿರುತ್ತಾರೆ: ನಾನು ನಿನ್ನ ಮೇಲೆ ಹರಳು ಎಸೆಯುತ್ತೇನೆ, ನೀನು ನನ್ನ ಮೇಲೆ ಹರಳು ಎಸೆ, ಕಲ್ಲನ್ನು ಯಾರೂ ಮುಟ್ಟಬಾರದು. ವಿದೇಶಾಂಗ ಶಾಲೆಯ ಹಾಸ್ಟೆಲಿನಲ್ಲಿ ಶುರುವಾದ ಇವರ ಒಪ್ಪಂದ ಪ್ರಾಗ್, ಹವಾನಾ ದಾಟಿ ಈ ಬಿಸಿಲೂರಿನವರೆಗೂ ನಡೆದು ಬಂದಿತ್ತು. ಎಷ್ಟೋ ಮದುವೆಗಳು ಇಷ್ಟು ಬಾಳುವುದಿಲ್ಲ.

“ಸಿಳ್ಳೆ,” ಎಂದ ಮುನ್ಸಿಕ್. “ಕಾರಿಡಾರಲ್ಲಿ ಸಿಳ್ಳೆ ಹಾಕ್ತೀಯಲ್ಲ. ‘ಕಚೇರಿಯ ಗಾಂಭೀರ್ಯಕ್ಕೆ ಕುಂದು’ ಅಂತೀನಿ.”

“ಭೇಷ್. ಅದನ್ನ ಕೊಡು. ನಿನಗ ನಾ ಬಚ್ಚಲದ ದೀಪ ಕೊಡ್ತೀನಿ.”

“ಯಾವ ಬಚ್ಚಲು?”

“ಮ್ಯಾಲಿನ ಮಹಡೀದು. ದಿನಾ ಹೋಗ್ತೀ, ದಿನಾ ದೀಪ ಆರಿಸೂದಿಲ್ಲ. ನಿನ್ನ ಹಿಂದ ನಾ ಹೋಗಿ ಆರಸ್ತೀನಿ. ನಿನಗ ಗೊತ್ತಽ ಇಲ್ಲ.” ಬೊಂಗಿಲ್ ಎಲೆಕೋಸುಗಳನ್ನು ಮೂಟೆಗೆ ಹಾಕಿ, ಕೋಟಿನ ಗುಂಡಿ ಸರಿಮಾಡಿಕೊಂಡು, ದನಿ ಬದಲಿಸಿದ. “‘ತಾಯ್ನಾಡಿನ ಗಣಿ ಕಾರ್ಮಿಕರು ಬೆವರು ಸುರಿಸಿ ತೆಗೆದ ಕಲ್ಲಿದ್ದಲು ಕಾಮ್ರೇಡ್ ಮುನ್ಸಿಕ್ ಅವರ ಬಚ್ಚಲುಮನೆಯಲ್ಲಿ ವೃಥಾ ಉರಿಯುತ್ತಿದೆ.’ ಹ್ಯಾಂಗ?”

“ಇಲ್ಲಿಯ ಕರೆಂಟಿಗೂ ನಮ್ಮ ಕಲ್ಲಿದ್ದಲಿಗೂ ಏನಯ್ಯಾ ಸಂಬಂಧ?”

“ಸಂಬಂಧ ಕೇಳಾವ್ರು ಯಾರು?”

ಬೊಂಗಿಲ್ ಉತ್ತರದ ಹಾಮ್‌ಗ್ಯೋಂಗ್ ಪ್ರಾಂತದ ಒಂದು ಬಂದರಿನವನು. ಇಷ್ಟು ವರ್ಷ ಸಚಿವಾಲಯದಲ್ಲಿದ್ದರೂ ಊರಿನ ಮಾತನ್ನು ಬಿಟ್ಟಿರಲಿಲ್ಲ. ಆದರೆ ಬೇರೆಯವರ ಮಾತನ್ನು ಕೊರಳಲ್ಲಿಟ್ಟುಕೊಂಡು ತಿರುಗುತ್ತಿದ್ದ. ಬೇಕೆಂದಾಗ ಯಾರನ್ನು ಬೇಕಾದರೂ ಹೊರಗೆ ತೆಗೆಯುತ್ತಿದ್ದ. ಮೂಟೆಗಳನ್ನು ಡಿಕ್ಕಿಗೆ ಹಾಕಿ ಕಾರು ಹತ್ತಿ ಗಾಜು ಏರಿಸಿದ್ದೇ ತಡ, ಹಾಸಿಗೆ ಹಿಡಿದು ಊರಿಗೆ ಮರಳಿದ ಹಳೆಯ ರಾಯಭಾರಿಯನ್ನು ಹೊರಗೆ ತೆಗೆದ. ಕ್ಯೂಬಾದ ರಾಯಭಾರಿ ಸಿಗಾರು ಹಚ್ಚಿಕೊಳ್ಳಲು ಪಡುವ ಪಾಡನ್ನು ತೆಗೆದ. ಕಾರು ಓಡಿಸುತ್ತಿದ್ದ ಮುನ್ಸಿಕ್ ಮುಗುಳ್ನಕ್ಕ. ಆಗ ಬೊಂಗಿಲ್ ಕೆಮ್ಮಿದ.

ಬರೇ ಕೆಮ್ಮು. ಮೊದಲು ಗಂಟಲಿನಾಳದಲ್ಲಿ ಒಂದು ಗುರುಗುರು; ಆಮೇಲೆ ಎರಡು ಒಣ ಕೆಮ್ಮು; ಕೊನೆಗೆ ‘ಹ್ಮ್’ ಎಂಬ ಮಹಾ ಸಮಾಧಾನ. ಪ್ರತಿ ಹೊಸ ವರ್ಷದ ಭಾಷಣದಲ್ಲಿ, ರಸಗೊಬ್ಬರದ ಮಾತು ಮುಗಿದು ಉಕ್ಕಿನ ಮಾತು ಶುರುವಾಗುವ ಮೊದಲು, ಇಡೀ ದೇಶ ಉಸಿರು ಬಿಗಿಹಿಡಿದು ಕೇಳುವ ಕೆಮ್ಮು. ಎದೆಯ ಬಿಲ್ಲೆಯಲ್ಲಿದ್ದವರ ಹೆಸರು ಹೇಳಬೇಕಾಗಿಯೇ ಇರಲಿಲ್ಲ.

ಮುನ್ಸಿಕ್‌ಗೆ ಎಂಥ ನಗು ಬಂತೆಂದರೆ ಕಾರನ್ನು ತೆಂಗಿನಮರದ ಬುಡದಲ್ಲಿ ನಿಲ್ಲಿಸಬೇಕಾಯಿತು. ಸ್ಟಿಯರಿಂಗಿಗೆ ಹಣೆ ಒತ್ತಿಕೊಂಡು ಕಣ್ಣಲ್ಲಿ ನೀರು ಬರುವಂತೆ ನಕ್ಕ. “ಸಾಯಿಸ್ತೀಯ ನೀನು, ನಮ್ಮಿಬ್ಬರನ್ನೂ ಸಾಯಿಸ್ತೀಯ.”

“ಸತ್ರ ಜೋಡೀಲೇ ಸಾಯೂದು. ನಿಯಮ ಅದ,” ಎಂದ ಬೊಂಗಿಲ್. ಆಮೇಲೆ ಕಡಲಿನ ಕಡೆ ನೋಡುತ್ತ ತನ್ನದೇ ದನಿಯಲ್ಲಿ ಹೇಳಿದ: “ಖಾಲಿ ಕುರ್ಚಿ ನಿನಗ ಬಂದ್ರ ನಿನ್ನ ಮಗ ಬರ್ತಾನ. ನನಗ ಬಂದ್ರ ನನ್ನ ಮಗಳು ಬರ್ತಾಳ. ಯಾರಿಗೆ ಬಂದ್ರೂ ಒಂದು ಕೂಸಿಗೆ ಚಲೋ ಆತದ. ಅಷ್ಟು ತಿಳ್ಕೊಂಡು ಸುಮ್ನಿರೂದು.”

ಹೊರದೇಶಕ್ಕೆ ಬರುವವರು ಒಂದು ಮಗುವನ್ನು ತಾಯ್ನಾಡಿನಲ್ಲಿ ಬಿಟ್ಟು ಬರಬೇಕು. ‘ಅಜ್ಜಿಯ ಮನೆಯಲ್ಲಿ ಓದುತ್ತಿದ್ದಾನೆ’ ಎಂದು ಹೇಳುತ್ತಾರೆ; ಒತ್ತೆ ಎಂಬ ಮಾತನ್ನು ಯಾರೂ ಆಡುವುದಿಲ್ಲ. ರಾಯಭಾರಿಯಾದವನಿಗೆ ಮಾತ್ರ ಎಲ್ಲ ಮಕ್ಕಳನ್ನೂ ಕರೆಸಿಕೊಳ್ಳುವ ಅನುಕೂಲ. ಹಳೆಯ ರಾಯಭಾರಿ ಹೋದ ದಿನದಿಂದ ಆ ಕುರ್ಚಿ ಖಾಲಿ ಇತ್ತು. ಅದರ ಎಡಕ್ಕೊಬ್ಬ ಬಲಕ್ಕೊಬ್ಬ ಇವರಿಬ್ಬರು.

ಮಧ್ಯಾಹ್ನ ಊಟಕ್ಕೆ ಕೂತಾಗ ಮುನ್ಸಿಕ್‌ನ ಹೆಂಡತಿ ಸುನೊಕ್ ಹೆಣಿಗೆಯ ಕಡ್ಡಿಗಳನ್ನು ಕೆಳಗಿಡಲಿಲ್ಲ. ಈ ಸೆಕೆಯಲ್ಲಿ ಅವಳ ಮಡಿಲಲ್ಲಿ ಬೂದು ಉಣ್ಣೆಯ ಸ್ವೆಟರು.

“ಉಂಗ್ಸು ಅಪ್ಪ, ತೋಳು ಎಲ್ಲಿಗೆ ನಿಲ್ಸಲಿ?”

“ನನ್ನ ಅಳತೆಗೆ ಮಾಡು.”

“ನಿಮ್ಮಷ್ಟು ಎತ್ತರ ಆಗಿದಾನಾ?”

ಮುನ್ಸಿಕ್ ಸಾರಿಗೆ ಚಮಚ ಹಾಕಿದ. ಮಗ ಉಂಗ್ಸುವನ್ನು ಬಿಟ್ಟು ಬಂದಾಗ ಅವನ ತಲೆ ಅಪ್ಪನ ಸೊಂಟಕ್ಕೆ ಬರುತ್ತಿತ್ತು.

“ಈ ಚಳಿಗಾಲ ದಾಟಿದ್ರೆ ಹದಿನೇಳು,” ಎಂದಳು ಸುನೊಕ್. “ಆಮೇಲೆ ಸೈನ್ಯ. ಹತ್ತು ವರ್ಷ. ಅಮ್ಮನಿಗೆ ಈಗಲೇ ಕಣ್ಣು ಕಾಣಲ್ಲ, ಅವನಿಗೆ ಯಾರು ಏನು ಬೇಯಿಸಿ ಹಾಕ್ತಾರೋ. ನಾನು ಏನೂ ಕೇಳ್ತಿಲ್ಲ. ತೋಳು ಎಲ್ಲಿಗೆ ನಿಲ್ಸಲಿ ಅಂತ ಅಷ್ಟೇ ಕೇಳ್ದೆ.”

ಮುನ್ಸಿಕ್ ತಟ್ಟೆಯನ್ನು ಖಾಲಿ ಮಾಡಲಿಲ್ಲ. ವೃತ್ತಿಯಲ್ಲಿ ಅವನು ಮೊದಲು ಕಲಿತ ಪಾಠ ಅದು. ವಿದೇಶಿಯರ ಜೊತೆ ಔತಣಕ್ಕೆ ಕೂತರೆ ಅವರಿಗಿಂತ ಮೊದಲು ತಟ್ಟೆ ಬರಿದು ಮಾಡಬಾರದು. ಇವನ ಊರಿನಲ್ಲಿ ಹಸಿವಿದೆ ಎಂದುಕೊಂಡಾರು. ಈಗ ಮನೆಯಲ್ಲೂ ಹಾಗೆಯೇ ಏಳುತ್ತಿದ್ದ.

ಊಟವಾದ ಮೇಲೆ ಪಾಂಗ್ ಅವರಿಂದ ಕರೆ ಬಂತು. ಪಾಂಗ್ ಸಣ್ಣ ಮೈಯ ಮನುಷ್ಯ. ‘ಕೆಲಸ ನೋಡಲು’ ಬಂದವನೆಂದು ಹೇಳಲಾಗಿತ್ತು. ಯಾರ ಕೆಲಸ ಎಂದು ಯಾರೂ ಕೇಳಿರಲಿಲ್ಲ. ಕಿತ್ತಳೆಯೊಂದರ ಸಿಪ್ಪೆಯನ್ನು ಎಲ್ಲೂ ತುಂಡಾಗದಂತೆ ಒಂದೇ ಸುರುಳಿಯಾಗಿ ಸುಲಿಯುತ್ತ ಕೂತಿದ್ದ. ಸುಲಿದು ಮುಗಿಯುವ ತನಕ ಮಾತಾಡಲಿಲ್ಲ.

“ನಿನ್ನೆ ಸಂಜೆ ಕಾಮ್ರೇಡ್ ಬೊಂಗಿಲ್ ಬಂದಿದ್ದರು,” ಎಂದ ಕೊನೆಗೆ. ನಾಲಗೆಯನ್ನು ಹಲ್ಲಿಗೆ ತಾಗಿಸಿ ‘ಚ್’ ಎಂದ. “ತುಂಬಾ ಹೊತ್ತು ಕೂತಿದ್ದರು. ನಿಮ್ಮ ಬಗ್ಗೆ ಬಹಳ ಹೇಳಿದರು.”

“ಒಳ್ಳೆಯದನ್ನೇ ಹೇಳಿರಬೇಕು,” ಎಂದು ಮುನ್ಸಿಕ್ ನಕ್ಕ. ಆ ನಗುವನ್ನು ಮೂರು ಖಂಡಗಳಲ್ಲಿ ಬಳಸಿ ಪಳಗಿಸಿದ್ದ.

“ಗೆಳೆಯರು ಹೇಳಿದ್ದೆಲ್ಲ ಒಳ್ಳೆಯದೇ.” ಪಾಂಗ್ ಒಂದು ತೊಳೆ ಬಿಡಿಸಿ ಅವನ ಮುಂದಿಟ್ಟ. “ನಾಳೆ ಸಭೆ ಇದೆಯಲ್ಲ. ಎಲ್ಲ ಅಲ್ಲಿ ಬರುತ್ತದೆ. ಚ್. ಇರಲಿ.”

ಅಷ್ಟೇ. ಹೊರಗೆ ಬಂದಾಗ ಮುನ್ಸಿಕ್‌ನ ಕೈಯಲ್ಲಿ ಕಿತ್ತಳೆಯ ತೊಳೆ ಹಾಗೇ ಇತ್ತು.

ನಿನ್ನೆ ಸಂಜೆ. ಬೆಳಿಗ್ಗೆಯೆಲ್ಲ ಸಂತೆಯಲ್ಲಿ ಅಷ್ಟು ಹರಟಿದವನು ಇದೊಂದನ್ನು ಮಾತ್ರ ಹೇಳಲಿಲ್ಲ. ‘ಯಾರಿಗೆ ಬಂದ್ರೂ ಒಂದು ಕೂಸಿಗೆ ಚಲೋ’ ಎಂದದ್ದು ಯಾಕೆ? ಬರುವ ಕೂಸು ಯಾರದೆಂದು ತಿಳಿದೇ ಅಂದನೆ? ಇನ್ನು ಆ ಕೆಮ್ಮು. ನಗಿಸಿದ್ದು ಅವನು, ನಕ್ಕದ್ದು ತಾನು. ಕಾರು ನಿಲ್ಲಿಸಿ ನಕ್ಕದ್ದು. ಕೆಮ್ಮಿದವನು ಯಾರೆಂದು ಹೇಳುವವನ ಬಾಯಿಗೆ ಬಿಟ್ಟ ವಿಷಯ.

ಹೋಗಿ ನೇರವಾಗಿ ಕೇಳಬಹುದಿತ್ತು. ಆದರೆ ಪಾಂಗ್‌ನ ಕೋಣೆಯ ಬಾಗಿಲು ತೆರೆದಿತ್ತು, ಬೊಂಗಿಲ್‌ನ ಕೋಣೆ ಅದರ ಎದುರಿಗೇ ಇತ್ತು. ಸ್ವಲ್ಪ ಹೊತ್ತಿನಲ್ಲಿ ಬೊಂಗಿಲ್ ಕೂಡ ಆ ಬಾಗಿಲೊಳಗೆ ಹೋದದ್ದನ್ನು ಮುನ್ಸಿಕ್ ಕಿಟಕಿಯಿಂದ ನೋಡಿದ. ಸಂಜೆ ಹಿತ್ತಲಲ್ಲಿ ಹೆಂಗಸರು ವರ್ಷದ ಉಪ್ಪಿನಕಾಯಿಗೆಂದು ಎಲೆಕೋಸು ಸೀಳಿ ಉಪ್ಪು ಹಚ್ಚುತ್ತಿದ್ದರು; ಸುನೊಕ್ ಮತ್ತು ಬೊಂಗಿಲ್‌ನ ಹೆಂಡತಿ ಕುಮ್‌ಸಿಲ್ ಒಂದೇ ಬೋಗುಣಿಯಲ್ಲಿ ಕೈಯಾಡಿಸುತ್ತ, ಮೆಣಸಿನ ಪುಡಿ ಹೆಚ್ಚಾಯಿತು ಕಡಿಮೆಯಾಯಿತು ಎಂದು ಜಗಳವಾಡುತ್ತಿದ್ದರು. ಬೊಂಗಿಲ್ ಜಾಡಿಗಳನ್ನು ಹೊತ್ತುಕೊಂಡು ಕಾರಿಡಾರಿನಲ್ಲಿ ಮೂರು ಸಲ ಹಾದುಹೋದ. ಒಮ್ಮೆಯೂ ಇವನ ಮುಖ ನೋಡಲಿಲ್ಲ. ಸಿಳ್ಳೆಯನ್ನೂ ಹಾಕಲಿಲ್ಲ.

ಸಿಳ್ಳೆ ಹಾಕದೆ ಬೊಂಗಿಲ್ ಆ ಕಾರಿಡಾರು ದಾಟಿದ್ದು ಅದೇ ಮೊದಲು. ಮುನ್ಸಿಕ್‌ಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಶನಿವಾರ ಬೆಳಿಗ್ಗೆ ಎಲ್ಲರೂ ಭಾವಚಿತ್ರಗಳ ಕೆಳಗೆ ಸಾಲಾಗಿ ಕೂತರು. ಹಾಡು ಹಾಡಿದ್ದಾಯಿತು. ಪಾಂಗ್ ಮುಂದಿನ ಕುರ್ಚಿಯಲ್ಲಿ ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡಿದ್ದ. “ಕಾಮ್ರೇಡ್ ಮುನ್ಸಿಕ್, ಹಿರಿಯರು ನೀವು. ನೀವೇ ಶುರು ಮಾಡಿ.”

ಮುನ್ಸಿಕ್ ಎದ್ದ. ಈ ವಾರ ತಾನು ದಿನಪತ್ರಿಕೆಯ ಅಧ್ಯಯನವನ್ನು ಆತುರದಿಂದ ಮುಗಿಸಿದ್ದಾಗಿ ಒಪ್ಪಿಕೊಂಡ. ಮುಂದಿನ ವಾಕ್ಯ ಸಿಳ್ಳೆಯದು. ಅದು ನಾಲಗೆಯ ತುದಿಗೆ ಬಂದಿತ್ತು ಕೂಡ. ಎರಡನೆಯ ಸಾಲಿನಲ್ಲಿ ಬೊಂಗಿಲ್ ತನ್ನ ಬೂಟಿನ ತುದಿ ನೋಡುತ್ತ ಕೂತಿದ್ದ. ಅವನು ತನ್ನ ಬಳಿಕ ಏಳುತ್ತಾನೆ. ಅವನ ಬಾಯಿಂದ ಬರುವುದು ಬಂದುಬಿಟ್ಟರೆ ಆಮೇಲೆ ತಾನು ಏನು ಹೇಳಿದರೂ ಅದು ಸೇಡಿನ ಮಾತಾಗುತ್ತದೆ. ಮೊದಲು ಹೇಳಿದವನದೇ ಸತ್ಯ. ಇಷ್ಟು ವರ್ಷದ ರಾಜತಾಂತ್ರಿಕ ಸೇವೆಯಲ್ಲಿ ಇದಕ್ಕಿಂತ ಗಟ್ಟಿಯಾದದ್ದು ಅವನಿಗೆ ಬೇರೇನೂ ತಿಳಿದಿರಲಿಲ್ಲ.

“ಕಾಮ್ರೇಡ್ ಬೊಂಗಿಲ್ ಅವರು,” ಎಂದ. ತನ್ನ ದನಿ ತನಗೇ ಪತ್ರಿಕಾ ಹೇಳಿಕೆಯಂತೆ ಕೇಳಿಸಿತು. “ನಿನ್ನೆ ಕಾರಿನಲ್ಲಿ... ಕೆಮ್ಮಿದರು.”

ಯಾರೋ ಸಣ್ಣಗೆ ನಕ್ಕರು, ತಟ್ಟನೆ ನಿಲ್ಲಿಸಿದರು.

“ಕೆಮ್ಮು ತಪ್ಪೆ?” ಎಂದ ಪಾಂಗ್.

“ಅದು ಅವರ ಕೆಮ್ಮಲ್ಲ. ಹೊಸ ವರ್ಷದ ಭಾಷಣದಲ್ಲಿ ಬರುವಂಥ ಕೆಮ್ಮು. ಹಾಸ್ಯಕ್ಕಾಗಿ ಕೆಮ್ಮಿದರು.”

“ಹೇಗೆ ಕೆಮ್ಮಿದರು?” ಎಂದು ಪಾಂಗ್ ಕೇಳಿಬಿಟ್ಟ. ಕೇಳಿದ ಮರುಗಳಿಗೆಯೇ ಅವನ ಮುಖ ಬದಲಾಯಿತು. ಉತ್ತರಿಸಬೇಕಾದರೆ ಮುನ್ಸಿಕ್ ಕೆಮ್ಮಿ ತೋರಿಸಬೇಕು. ತೋರಿಸಿದರೆ ಅವನೂ ಅದೇ ತಪ್ಪು ಮಾಡಿದಂತೆ. ಮಾಡು ಎಂದು ಕೇಳಿದ ಪಾಂಗ್ ಅದನ್ನು ಮಾಡಿಸಿದಂತೆ. “ಬೇಡ, ಬೇಡ,” ಎಂದು ಕೈಯಾಡಿಸಿದ. “ತಿಳಿಯಿತು.” ಮೂಲೆಯಲ್ಲಿ ಕೂತಿದ್ದ ಮೂರನೆಯ ಕಾರ್ಯದರ್ಶಿ ಹೊಂಗ್‌ಗೆ ಒಂದು ವಾರದಿಂದ ನೆಗಡಿ. ಪಾಪ, ಗಂಟಲಲ್ಲಿ ಕಿಚಕಿಚ ಎನ್ನುವ ಕೆಮ್ಮನ್ನು ಹೊರಗೆ ಬಿಡಲಾರದೆ, ಕರವಸ್ತ್ರವನ್ನು ಬಾಯಿಗೆ ತುರುಕಿಕೊಂಡು, ಮೆಣಸಿನಕಾಯಿಯಂತೆ ಕೆಂಪಾಗಿ ಕಣ್ಣೀರು ಸುರಿಸುತ್ತ ಕೂತಿದ್ದ. ಇನ್ನೊಂದು ದಿನವಾಗಿದ್ದರೆ ಸಂತೆಯ ದಾರಿಯಲ್ಲಿ ಬೊಂಗಿಲ್ ಅದನ್ನು ಎಷ್ಟು ಚೆನ್ನಾಗಿ ಮಾಡಿ ತೋರಿಸುತ್ತಿದ್ದ ಎಂಬ ಯೋಚನೆ ಮುನ್ಸಿಕ್‌ನ ತಲೆಯಲ್ಲಿ ಹಾದುಹೋಯಿತು.

“ಕಾಮ್ರೇಡ್ ಬೊಂಗಿಲ್.”

ಬೊಂಗಿಲ್ ಎದ್ದು ನಿಂತ. ಕೋಟಿನ ಗುಂಡಿ ಸರಿಮಾಡಿಕೊಂಡ. ತನ್ನ ಸ್ವಂತ ತಪ್ಪಿನ ಬಾಬತ್ತಿಗೆ, “ಕಾಮ್ರೇಡ್ ಮುನ್ಸಿಕ್ ಹೇಳಿದ್ದು ನಿಜ,” ಎಂದಷ್ಟೇ ಹೇಳಿದ. ಆಮೇಲೆ ಮುನ್ಸಿಕ್‌ನ ಕಡೆ ತಿರುಗಿದ. ಮುನ್ಸಿಕ್ ಕಿಟಕಿಯ ಸರಳುಗಳನ್ನು ನೋಡಿದ.

“ಕಾಮ್ರೇಡ್ ಮುನ್ಸಿಕ್ ಅವರು ಮೇಲಿನ ಮಹಡಿಯ ಬಚ್ಚಲುಮನೆಯ ದೀಪ ಆರಿಸುವುದಿಲ್ಲ,” ಎಂದ ಬೊಂಗಿಲ್. ಊರಿನ ರಾಗವಿಲ್ಲದ, ಇಸ್ತ್ರಿ ಮಾಡಿದ ಮಾತು. “ತಾಯ್ನಾಡಿನ ಗಣಿ ಕಾರ್ಮಿಕರು ಬೆವರು ಸುರಿಸಿ ತೆಗೆದ ಕಲ್ಲಿದ್ದಲು ಅವರ ಬಚ್ಚಲುಮನೆಯಲ್ಲಿ ವೃಥಾ ಉರಿಯುತ್ತಿದೆ.”

ಪಾಂಗ್ ಕಾದ. “ಬೇರೆ?”

“ಬೇರೆ ಏನೂ ಇಲ್ಲ.”

“ಕಾರಿನಲ್ಲಿ ನೀವು ಕೆಮ್ಮಿದಾಗ ಅವರೇನು ಮಾಡಿದರು?”

“ಕಾರು ನಿಲ್ಲಿಸಿದರು,” ಎಂದ ಬೊಂಗಿಲ್. “ಸಾಯಿಸ್ತೀಯ ಅಂತ ಬೈದರು.” ಕೂತುಕೊಂಡ.

ವಾರ ಕಳೆಯುವ ಮೊದಲೇ ಬೊಂಗಿಲ್‌ಗೆ ‘ಕೆಲಸದ ಮೇಲೆ’ ಕರೆ ಬಂತು, ಕುಟುಂಬ ಸಮೇತ. ವಿಮಾನ ನಿಲ್ದಾಣಕ್ಕೆ ಬಿಡಲು ಹೋದವನು ಮುನ್ಸಿಕ್. ನಿಯಮ. ಕುಮ್‌ಸಿಲ್ ಹಿಂದಿನ ಸೀಟಿನಲ್ಲಿ ಒಂದು ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು, ದಾರಿಯುದ್ದಕ್ಕೂ ತೆಂಗಿನಮರಗಳನ್ನು ನೋಡುತ್ತಿದ್ದಳು. ಹೊರಡುವಾಗ ಸುನೊಕ್, “ಜಾಡಿ ನಿಮ್ಮದೂ ಇದೆಯಲ್ಲ, ಅಕ್ಕ,” ಎಂದಿದ್ದಳು. “ನೀವೇ ತಿನ್ನಿ,” ಎಂದಿದ್ದಳು ಕುಮ್‌ಸಿಲ್. “ಹೇಗೂ ನನಗೆ ಮೆಣಸು ಹೆಚ್ಚಾಯ್ತು.”

ನಿಲ್ದಾಣದ ಬಾಗಿಲಲ್ಲಿ, ಪೆಟ್ಟಿಗೆಗಳನ್ನು ಇಳಿಸಿದ ಮೇಲೆ, ಬೊಂಗಿಲ್ ಇವನತ್ತ ತಿರುಗಿದ. ನಾಲಗೆಯನ್ನು ಹಲ್ಲಿಗೆ ತಾಗಿಸಿ ‘ಚ್’ ಎಂದ. ಅವನ ಅಗಲವಾದ ಮುಖ ನೋಡುನೋಡುತ್ತ ಸಣ್ಣದಾಯಿತು. ಕೈ ಕಾಣದ ಕಿತ್ತಳೆಯೊಂದನ್ನು ಸುಲಿಯತೊಡಗಿತು.

“‘ನಿನ್ನೆ ಸಂಜೆ ಕಾಮ್ರೇಡ್ ಮುನ್ಸಿಕ್ ಬಂದಿದ್ದರು. ಚ್. ತುಂಬಾ ಹೊತ್ತು ಕೂತಿದ್ದರು. ನಿಮ್ಮ ಬಗ್ಗೆ ಬಹಳ ಹೇಳಿದರು. ನಾಳೆ ಸಭೆ ಇದೆಯಲ್ಲ. ಇರಲಿ.’”

ಮುನ್ಸಿಕ್ ಆ ಗುರುವಾರ ಸಂಜೆ ಪಾಂಗ್‌ನ ಬಾಗಿಲು ತುಳಿದವನೇ ಅಲ್ಲ.

“ನಿನಗೂ...” ಎಂದ.

“ನನಗೂ.”

“ನೀನು ನಂಬಲಿಲ್ಲವಾ?”

“ನಂಬಿದ್ನಲ್ಲೋ. ರಾತ್ರಿ ಪೂರಾ ನಿದ್ದಿ ಇಲ್ಲ.”

“ಮತ್ತೆ ಯಾಕೆ ದೀಪ ಅಂದೆ?”

ಬೊಂಗಿಲ್ ಪೆಟ್ಟಿಗೆಯ ಹಿಡಿಕೆ ಎತ್ತಿಕೊಂಡ. “ಮಾತಾಗಿತ್ತಲ್ಲ,” ಎಂದ.

ಮುನ್ಸಿಕ್ ಆ ವರ್ಷದ ಕೊನೆಯಲ್ಲಿ ರಾಯಭಾರಿಯಾದ. ಅಲ್ಲಿನ ಅಧ್ಯಕ್ಷರ ಅರಮನೆಯಲ್ಲಿ ನೇಮಕದ ಪತ್ರ ಒಪ್ಪಿಸಿ ಬಂದ ದಿನ ಕ್ಯೂಬಾದವನು ಸಿಗಾರು ಕೊಟ್ಟು ಅಭಿನಂದಿಸಿದ. ಬೊಂಗಿಲ್ ಎಲ್ಲಿದ್ದಾನೆಂದು ಮುನ್ಸಿಕ್ ಯಾರನ್ನೂ ಕೇಳಲಿಲ್ಲ. ಕೇಳಿದ್ದರೆ ಯಾರೂ ಹೇಳುತ್ತಿರಲಿಲ್ಲ. ಸಂತೆಗೆ ಈಗ ಹೊಂಗ್ ಮತ್ತು ಇನ್ನೊಬ್ಬ ಹೋಗುತ್ತಿದ್ದರು. ಹಿತ್ತಲಿನ ಜಾಡಿಗಳು ಒಂದೊಂದಾಗಿ ಖಾಲಿಯಾದವು. ಕುಮ್‌ಸಿಲ್ ಬಿಟ್ಟುಹೋದ ಕೊನೆಯದನ್ನು ತೆರೆಯಬೇಕೆಂದು ಯಾರಿಗೂ ಅನಿಸಲಿಲ್ಲ.

ಚಳಿಗಾಲ ಮುಗಿಯುವ ಮೊದಲು ಉಂಗ್ಸು ಬಂದ. ವಿಮಾನದಿಂದ ಇಳಿದವರ ಗುಂಪಿನಲ್ಲಿ ಸುನೊಕ್ ಎತ್ತರದ ಹುಡುಗರ ಮುಖಗಳನ್ನೇ ಹುಡುಕುತ್ತಿದ್ದಳು. ಅವನು ಅವಳ ಭುಜದ ಪಕ್ಕದಲ್ಲೇ ಬಂದು ನಿಂತು, ನಡು ಬಗ್ಗಿಸಿ, “ಕ್ಷೇಮವಾಗಿದ್ದೀರಾ, ಅಮ್ಮ?” ಎಂದ. ಮನೆಗೆ ಬಂದೊಡನೆ ಅವಳು ಸೆಕೆಯನ್ನೂ ಲೆಕ್ಕಿಸದೆ ಸ್ವೆಟರು ತೊಡಿಸಿದಳು. ತೋಳುಗಳು ಬೆರಳ ತುದಿಯನ್ನೂ ದಾಟಿ ಜೋತುಬಿದ್ದವು. ಸುನೊಕ್ ಅಡುಗೆಮನೆಗೆ ಹೋಗಿ ಬಹಳ ಹೊತ್ತು ಬರಲಿಲ್ಲ.

ಹುಡುಗ ತಟ್ಟೆಯಲ್ಲಿ ಒಂದು ಅಗುಳೂ ಉಳಿಸದೆ ಉಂಡ. ಕೇಳಿದ್ದಕ್ಕೆಲ್ಲ ಎದ್ದು ನಿಂತು ಉತ್ತರ ಕೊಟ್ಟ. ಊಟವಾದ ಮೇಲೆ ಮುನ್ಸಿಕ್ ಮೇಲಿನ ಮಹಡಿಗೆ ಹೋಗಿ ಕೈ ತೊಳೆದು ಬಂದು ಕೂತ. ಸ್ವಲ್ಪ ಹೊತ್ತಿಗೆ ಉಂಗ್ಸು ಬಾಗಿಲಲ್ಲಿ ನಿಂತಿದ್ದ.

“ಅಪ್ಪ, ಬಚ್ಚಲ ದೀಪ ಉರೀತಾ ಇದೆ.”

“ಆರಿಸ್ತೀನಿ ಮಗು.”

“ನಾಡಿದ್ದು ಶನಿವಾರ,” ಎಂದ ಹುಡುಗ, ಜೋತಾಡುವ ತೋಳನ್ನು ಹಿಂದಕ್ಕೆ ಎಳೆದುಕೊಳ್ಳುತ್ತ. “ನಾನೂ ಯಾರದ್ದಾದರೂ ಒಂದು ಹೇಳಬೇಕು ಅಂದ್ರು. ಇಲ್ಲಿ ನನಗೆ ಬೇರೆ ಯಾರೂ ಗೊತ್ತಿಲ್ಲ.”

ಮುನ್ಸಿಕ್ ಮಗನನ್ನು ನೋಡಿದ. “ಅದನ್ನೇ ಹೇಳು,” ಎಂದ. “ಒಳ್ಳೆಯ ತಪ್ಪು. ಚಿಕ್ಕದು.”

“ಚಿಕ್ಕದಾದರೆ ಸಾಕಾಗತ್ತಾ?”

ಕೇಳಿದ್ದರಲ್ಲಿ ಕುಹಕವಿರಲಿಲ್ಲ. ತಿಳಿದುಕೊಳ್ಳಲು ಕೇಳಿದ್ದ. ಮುನ್ಸಿಕ್ ಎದ್ದು, ಮೆಟ್ಟಿಲೇರಿ, ಕಾರಿಡಾರಿನ ಕೊನೆಯ ಬಾಗಿಲವರೆಗೆ ನಡೆದು ದೀಪ ಆರಿಸಿದ. ಕತ್ತಲಲ್ಲಿ ನಲ್ಲಿ ತೊಟ್ಟಿಕ್ಕುತ್ತಿತ್ತು. ಕೈ ಸ್ವಿಚ್ಚಿನ ಮೇಲೇ ಇತ್ತು. ತಿರುಗಿ ನೋಡಿದರೆ ಕಾರಿಡಾರಿನ ಆ ತುದಿಯಲ್ಲಿ, ಮೆಟ್ಟಿಲ ಮೇಲೆ, ಸ್ವೆಟರಿನ ತೋಳುಗಳನ್ನು ಮಡಚಿಕೊಳ್ಳುತ್ತ ಹುಡುಗ ನಿಂತಿದ್ದ. ದೀಪ ಆರಿದೆಯೋ ಇಲ್ಲವೋ ನೋಡುತ್ತಿದ್ದ.